ರಕ್ತದೊಳಗೆ ಬಾರಿಸುವ ತಮಟೆ: ಐಎಲ್-6 ಎಂಬ ಒಂದು ಪ್ರೊಟೀನ್ ಕಥೆ

ಬಸ್ಸಲ್ಲೋ, ಮೆಟ್ರೋದಲ್ಲೋ, ಪಾತ್ರೆ ತೊಳೀತಾನೋ ಕೇಳ್ತಾ ಇದ್ದೀರಿ ಅಂದ್ಕೊಳ್ತೀನಿ. ಇವತ್ತಿನ ಸಂಚಿಕೆ ಸ್ವಲ್ಪ ಉದ್ದ ಇದೆ, ಆದ್ರೆ ಕೊನೆ ತನಕ ಬನ್ನಿ.

ನೀವು ಕಳಿಸೋ ವಾಯ್ಸ್ ನೋಟ್‌ಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರ್ತಾನೇ ಇರುತ್ತೆ: "ಇಮ್ಯೂನಿಟಿ ಹೆಚ್ಚಿಸ್ಕೊಳ್ಳೋದು ಹೇಗೆ?" ಕಷಾಯ, ಮಾತ್ರೆ, ಪುಡಿ, ಜ್ಯೂಸು, ಎಲ್ಲದರ ಮೇಲೂ ಇದೇ ಮಾತು ಬರೆದಿರುತ್ತಾರೆ. ನಾನು ಓದಿದ್ದು ಬಿ.ಕಾಂ. ಯಾರಾದ್ರೂ "ಹೆಚ್ಚಿಸಿ" ಅಂದ್ರೆ ನನ್ನ ತಲೆಗೆ ಮೊದಲು ಬರೋ ಪ್ರಶ್ನೆಗಳೇ ಬೇರೆ. ಏನನ್ನ ಹೆಚ್ಚಿಸಬೇಕು? ಈಗ ಎಷ್ಟಿದೆ? ಅಳೆಯೋದು ಯಾವ ಲೆಕ್ಕದಲ್ಲಿ? ಜಾಸ್ತಿ ಆದ್ರೆ ಲಾಭವೋ, ನಷ್ಟವೋ?

ಈ ಪ್ರಶ್ನೆಗಳಿಗೆ ಉತ್ತರ ಇದೆ. ರೋಗನಿರೋಧಕ ಕಣಗಳು ತಯಾರಿಸುವ ಪ್ರೊಟೀನ್‌ಗಳನ್ನು ಒಂದೊಂದಾಗಿ ಹುಡುಕಿ, ಹೆಸರಿಟ್ಟು, ಅಳೆದವರು ಆ ಉತ್ತರ ಕೊಟ್ಟಿದ್ದಾರೆ. ಇವತ್ತು ಅಂಥ ಒಂದೇ ಒಂದು ಪ್ರೊಟೀನನ್ನ ಹಿಡ್ಕೊಂಡು ಹೋಗೋಣ. ಅದರ ಹೆಸರು ಇಂಟರ್‌ಲ್ಯೂಕಿನ್-6, ಚಿಕ್ಕದಾಗಿ ಐಎಲ್-6. ಕೋವಿಡ್ ಸಮಯದಲ್ಲಿ ನಿಮ್ಮ ಮನೆಯವರ ಲ್ಯಾಬ್ ರಿಪೋರ್ಟ್‌ನಲ್ಲಿ ಈ ಹೆಸರನ್ನ ನೀವು ನೋಡಿರಲೂಬಹುದು.

ತಮಟೆ ಯಾಕೆ ಬಾರಿಸ್ತಾರೆ?

ನಮ್ಮ ರಕ್ತದಲ್ಲಿ ಬಿಳಿ ರಕ್ತಕಣಗಳಿವೆ ಅಂತ ಹೈಸ್ಕೂಲಲ್ಲೇ ಓದಿದ್ದೀವಿ. ಅವು ಸೈನಿಕರು, ರೋಗಾಣು ಬಂದ್ರೆ ಹೊಡೆದಾಡುತ್ತವೆ ಅಂತ ಮೇಷ್ಟ್ರು ಹೇಳಿದ್ರು. ಆದ್ರೆ ಸೈನಿಕರು ಅಂದ ಮೇಲೆ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಬೇಕಲ್ಲ? ಕಾಲಿಗೆ ಮುಳ್ಳು ಚುಚ್ಚಿದ್ದು ಯಕೃತ್ತಿಗೆ ಹೇಗೆ ಗೊತ್ತಾಗುತ್ತೆ?

ಹಳ್ಳಿಯಲ್ಲಿ ಬಣವೆಗೆ ಬೆಂಕಿ ಬಿದ್ರೆ ಯಾರೋ ಒಬ್ಬರು ತಮಟೆ ಬಾರಿಸ್ತಾರೆ. ಸದ್ದು ಕೇಳಿದವರು ಕೊಡಪಾನ ಹಿಡ್ಕೊಂಡು ಓಡಿ ಬರ್ತಾರೆ. ರೋಗನಿರೋಧಕ ಕಣಗಳು ಹೊರಗೆ ಬಿಡುವ ಪ್ರೊಟೀನ್‌ಗಳ ಕೆಲಸವೂ ಇದೇ. ಇವಕ್ಕೆ ಒಟ್ಟಾಗಿ ಸೈಟೊಕೈನ್ ಅಂತಾರೆ. ಒಂದು ಕಣ ಪ್ರೊಟೀನ್ ಬಿಡುತ್ತೆ. ಅದು ಇನ್ನೊಂದು ಕಣದ ಮೈಮೇಲಿರುವ ಗ್ರಾಹಕಕ್ಕೆ, ಅಂದ್ರೆ ಅದರ ಕಿವಿಗೆ ಹೋಗಿ ಕೂರುತ್ತೆ. ಸದ್ದು ಕೇಳಿಸಿಕೊಂಡ ಕಣ ತನ್ನ ಕೆಲಸ ಶುರು ಮಾಡುತ್ತೆ. ಈ ಕಿವಿಯ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಐಎಲ್-6 ಸದ್ದು ಮಾಡಿದಾಗ ಏನೇನಾಗುತ್ತೆ? ಜ್ವರ ಬರುತ್ತೆ. ಬಿ ಕಣಗಳು ಆ್ಯಂಟಿಬಾಡಿ ತಯಾರಿಸೋಕೆ ಸಜ್ಜಾಗುತ್ತವೆ. ಯಕೃತ್ತು ಸಿಆರ್‌ಪಿ ಅನ್ನೋ ಇನ್ನೊಂದು ಪ್ರೊಟೀನನ್ನ ರಕ್ತಕ್ಕೆ ಸುರಿಯುತ್ತೆ. ಜ್ವರ ಇಳಿಯದಿದ್ದಾಗ ಡಾಕ್ಟರು "ಒಂದು ಸಿಆರ್‌ಪಿ ಮಾಡಿಸಿ" ಅಂತಾರಲ್ಲ, ಅದೇ ಸಿಆರ್‌ಪಿ. ಮುಖ್ಯವಾಗಿ ಅದು ಐಎಲ್-6ನ ನೆರಳು. ನೇರವಾಗಿ ತಮಟೆ ಸದ್ದು ಅಳೆಯೋ ಬದಲು, ಎಷ್ಟು ಜನ ಕೊಡಪಾನ ಹಿಡ್ಕೊಂಡು ಬಂದರು ಅಂತ ಎಣಿಸಿದ ಹಾಗೆ.

ಒಂದು ಗ್ರಾಂನಲ್ಲಿ ಒಂದು ಲಕ್ಷ ಕೋಟಿ

ಈಗ ಲೆಕ್ಕಕ್ಕೆ ಬರೋಣ. ರಕ್ತದಲ್ಲಿ ಐಎಲ್-6 ಅಳೆಯೋದು ಪಿಕೋಗ್ರಾಂಗಳಲ್ಲಿ. ಒಂದು ಗ್ರಾಂ ಅಂದ್ರೆ ಒಂದು ಲಕ್ಷ ಕೋಟಿ ಪಿಕೋಗ್ರಾಂ. ಬಜೆಟ್ ಭಾಷಣದಲ್ಲಿ ಕೇಳೋ ಸಂಖ್ಯೆ ಇದು. ಆರೋಗ್ಯವಂತರ ಒಂದು ಮಿಲಿಲೀಟರ್ ರಕ್ತದ್ರವದಲ್ಲಿ ಐಎಲ್-6 ಇರೋದು ಸಾಮಾನ್ಯವಾಗಿ ಬರೀ ಒಂದಂಕಿಯಷ್ಟು ಪಿಕೋಗ್ರಾಂ. ಒಂದು ಗ್ರಾಂ ಲಕ್ಷ ಕೋಟಿ ರೂಪಾಯಿ ಅಂತಿಟ್ಕೊಂಡ್ರೆ, ನಾವು ಹುಡುಕ್ತಾ ಇರೋದು ಒಂದು ಚಹಾದ ಬೆಲೆಗಿಂತ ಕಡಿಮೆ ಚಿಲ್ಲರೆ!

ಇಷ್ಟು ಸಣ್ಣದನ್ನ ಅಳೆಯೋದು ಹೇಗೆ? ಲ್ಯಾಬ್‌ನಲ್ಲಿ ಎಲೈಸಾ ಅನ್ನೋ ವಿಧಾನ ಇದೆ. 1971ರಲ್ಲಿ ಸ್ವೀಡನ್ನಿನ ಎವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಇದನ್ನ ಪ್ರಕಟಿಸಿದರು. ಪಡ್ಡು ಮಾಡೋ ಹಂಚು ನೋಡಿದ್ದೀರಲ್ಲ? ಹಾಗೇ ಇರುವ, ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ 96 ಪುಟ್ಟ ಗುಂಡಿಗಳು. ಪ್ರತಿ ಗುಂಡಿಯ ತಳಕ್ಕೆ ಐಎಲ್-6ನ್ನು ಮಾತ್ರ ಹಿಡಿಯುವ ಆ್ಯಂಟಿಬಾಡಿ ಅಂಟಿಸಿರುತ್ತಾರೆ. ಮಾದರಿ ಹಾಕಿದಾಗ ಐಎಲ್-6 ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಉಳಿದಿದ್ದೆಲ್ಲ ತೊಳೆದು ಚೆಲ್ಲುತ್ತಾರೆ. ಆಮೇಲೆ ಇನ್ನೊಂದು ಆ್ಯಂಟಿಬಾಡಿ ಹಾಕ್ತಾರೆ. ಅದು ಐಎಲ್-6ನ ಇನ್ನೊಂದು ಬದಿ ಹಿಡಿಯುತ್ತೆ, ಜೊತೆಗೆ ಬಣ್ಣ ಬರಿಸುವ ಕಿಣ್ವವನ್ನೂ ಹೊತ್ತಿರುತ್ತೆ. ಕೊನೆಗೆ ಒಂದು ದ್ರವ ಬಿಟ್ಟರೆ ಗುಂಡಿಗೆ ಬಣ್ಣ ಬರುತ್ತೆ. ಬಣ್ಣ ಗಾಢವಾದಷ್ಟೂ ಪ್ರೊಟೀನ್ ಜಾಸ್ತಿ. ಅದೇ ತಟ್ಟೆಯಲ್ಲಿ ಪ್ರಮಾಣ ಮೊದಲೇ ಗೊತ್ತಿರೋ ಗುಂಡಿಗಳೂ ಇರುತ್ತವೆ. ಅವುಗಳ ಜೊತೆ ಹೋಲಿಸಿ ಟ್ಯಾಲಿ ಮಾಡ್ತಾರೆ. ನಮ್ಮ ಲೆಡ್ಜರ್ ಟ್ಯಾಲಿ ಇದ್ದ ಹಾಗೇ.

ರಕ್ತದಲ್ಲಿ ಇರೋದನ್ನ ಅಳೆಯೋದು ಒಂದು ಕೆಲಸ. ಕಣಗಳನ್ನೇ ಹೊರಗೆ ತಂದು ಪರೀಕ್ಷಿಸೋದು ಇನ್ನೊಂದು. ಒಬ್ಬರ ರಕ್ತವನ್ನ ಒಂದು ಗಟ್ಟಿ ದ್ರವದ ಮೇಲೆ ನಿಧಾನಕ್ಕೆ ಹಾಕಿ ಯಂತ್ರದಲ್ಲಿ ಗಿರಗಿರ ತಿರುಗಿಸ್ತಾರೆ. ಮಜ್ಜಿಗೆ ಕಡೆದಾಗ ಬೆಣ್ಣೆ ಬೇರೆಯಾಗುತ್ತಲ್ಲ, ಹಾಗೆ ತೂಕದ ಪ್ರಕಾರ ಎಲ್ಲ ಬೇರೆಯಾಗುತ್ತೆ. ಕೆಂಪು ಕಣ ತಳಕ್ಕೆ ಹೋಗುತ್ತೆ, ನಡುವೆ ಒಂದು ತೆಳುವಾದ ಮಬ್ಬು ಪದರ ನಿಲ್ಲುತ್ತೆ. ನಮಗೆ ಬೇಕಾದ ಬಿಳಿ ಕಣಗಳು ಅಲ್ಲಿವೆ. ಅವನ್ನ 37 ಡಿಗ್ರಿ ಬಿಸಿಯಲ್ಲಿ ಸಾಕಿ, ಬ್ಯಾಕ್ಟೀರಿಯಾದ ಒಂದು ಚೂರೋ, ಹೊಸ ಔಷಧವೋ ಕೊಟ್ಟು, ಅವು ಯಾವ ಪ್ರೊಟೀನ್ ಬಿಡ್ತವೆ ಅಂತ ನೋಡ್ತಾರೆ.

ಬಿಟ್ಟಿದ್ದು ಯಾವ ಕಣ ಅಂತಲೂ ತಿಳಿಯಬೇಕಾ? ಅದಕ್ಕೂ ದಾರಿ ಇದೆ. ಪ್ರೊಟೀನ್ ಹೊರಗೆ ಹೋಗದ ಹಾಗೆ ಒಂದು ರಾಸಾಯನಿಕ ಹಾಕಿ ಬಾಗಿಲು ಮುಚ್ಚಿಬಿಡ್ತಾರೆ. ಸರಕೆಲ್ಲ ಒಳಗೇ ಪೇರಿಕೊಳ್ಳುತ್ತೆ. ಆಮೇಲೆ ಹೊಳೆಯುವ ಆ್ಯಂಟಿಬಾಡಿ ಸೇರಿಸಿ, ಕಣಗಳನ್ನ ಒಂದೊಂದಾಗಿ ಲೇಸರ್ ಮುಂದೆ ಹಾಯಿಸ್ತಾರೆ. ಯಾರ ಮನೆಯಲ್ಲಿ ಎಷ್ಟು ದಾಸ್ತಾನು ಅಂತ ಗೊತ್ತಾಗುತ್ತೆ.

ಇದು ಬರೀ ಸಂಶೋಧಕರ ಆಟ ಅಲ್ಲ. ಕ್ಷಯಕ್ಕೆ "ಟಿಬಿ ಗೋಲ್ಡ್" ಅಂತ ರಕ್ತಪರೀಕ್ಷೆ ಮಾಡ್ತಾರಲ್ಲ, ಅದೂ ಇದೇ ತತ್ವ. ನಿಮ್ಮ ರಕ್ತಕ್ಕೆ ಟಿಬಿ ಬ್ಯಾಕ್ಟೀರಿಯಾದ ಪ್ರೊಟೀನ್ ಚೂರು ಸೇರಿಸಿ, ಕಣಗಳು ಇಂಟರ್‌ಫೆರಾನ್-ಗಾಮಾ ಬಿಡ್ತವಾ ಅಂತ ನೋಡ್ತಾರೆ. ಬಿಟ್ಟರೆ ಆ ಕಣಗಳಿಗೆ ಟಿಬಿ ಪರಿಚಯ ಇದೆ ಅಂತರ್ಥ. ಈಗ ಕಾಯಿಲೆ ಇದೆ ಅಂತ ಅದರಿಂದಲೇ ಹೇಳೋಕಾಗಲ್ಲ.

ಒಸಾಕಾ: ಒಂದೇ ಪ್ರೊಟೀನ್, ನಾಲ್ಕು ಹೆಸರು

ಐಎಲ್-6 ಸಿಕ್ಕಿದ್ದು ಹೇಗೆ? ಜಪಾನಿನ ತದಮಿತ್ಸು ಕಿಶಿಮೊಟೊ 1970ರ ದಶಕದ ಆರಂಭದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೆಲಸ ಮಾಡ್ತಿದ್ದರು. ಬಿ ಕಣಗಳು ಆ್ಯಂಟಿಬಾಡಿ ಮಾಡೋಕೆ ಟಿ ಕಣಗಳ ನೆರವು ಬೇಕು ಅನ್ನೋದು ಆಗಲೇ ಗೊತ್ತಿತ್ತು. ಟಿ ಕಣಗಳನ್ನ ಬೆಳೆಸಿದ ದ್ರವದಲ್ಲಿ ಈ ನೆರವು ನೀಡುವ ಯಾವುದೋ ವಸ್ತು ಇದೆ ಅಂತ 1973ರಲ್ಲಿ ಅವರು ತೋರಿಸಿದರು. ಕಣವೇ ಬೇಡ, ಅದು ಬಿಟ್ಟ ನೀರೇ ಸಾಕು ಅನ್ನೋದು ದೊಡ್ಡ ಸುಳಿವು.

ಆ "ಯಾವುದೋ ವಸ್ತು" ಏನು ಅಂತ ಗೊತ್ತಾಗೋಕೆ 13 ವರ್ಷ ಬೇಕಾಯ್ತು. ಒಸಾಕಾ ವಿಶ್ವವಿದ್ಯಾಲಯದಲ್ಲಿ ಕಿಶಿಮೊಟೊ, ತೊಶಿಯೊ ಹಿರಾನೊ ಮತ್ತು ಅವರ ತಂಡ ಪ್ರೊಟೀನನ್ನ ಶುದ್ಧ ಮಾಡಿ, ಅದರ ಜೀನ್ ಹಿಡಿದು, 1986ರಲ್ಲಿ ಪ್ರಕಟಿಸಿದರು. ಆಗ ಒಂದು ತಮಾಷೆ ಆಯ್ತು. ಬೇರೆ ಬೇರೆ ಲ್ಯಾಬ್‌ಗಳವರು ಬೇರೆ ಬೇರೆ ಹೆಸರಿನಲ್ಲಿ ಹುಡುಕ್ತಿದ್ದ ಪ್ರೊಟೀನ್‌ಗಳೆಲ್ಲ ಇದೇ! ಒಬ್ಬರಿಗೆ ಅದು ಬಿ ಕಣ ಪ್ರಚೋದಿಸುವ ವಸ್ತು, ಇನ್ನೊಬ್ಬರಿಗೆ ಯಕೃತ್ತು ಪ್ರಚೋದಿಸುವ ವಸ್ತು, ಮತ್ತೊಬ್ಬರಿಗೆ ಲ್ಯಾಬ್‌ನ ಕಣ ಬೆಳೆಸುವ ವಸ್ತು, ಮಗದೊಬ್ಬರಿಗೆ ಒಂದು ಬಗೆಯ ಇಂಟರ್‌ಫೆರಾನ್. ಒಬ್ಬನೇ ವ್ಯಾಪಾರಿ ನಾಲ್ಕು ಹೆಸರಲ್ಲಿ ನಾಲ್ಕು ಊರಲ್ಲಿ ಅಂಗಡಿ ಇಟ್ಟಿದ್ದ ಹಾಗೆ. ಎಲ್ಲ ಸೇರಿ ಐಎಲ್-6 ಆಯ್ತು.

ಆಮೇಲೆ ಗೊತ್ತಾಗಿದ್ದು ಇನ್ನೂ ಮುಖ್ಯ. ರುಮಟಾಯ್ಡ್ ಆರ್ಥ್ರೈಟಿಸ್ ಇರುವವರ ಕೀಲಿನ ದ್ರವದಲ್ಲಿ ಐಎಲ್-6 ಬಹಳ ಜಾಸ್ತಿ ಇರುತ್ತೆ. ಬೆಂಕಿಯೇ ಇಲ್ಲ, ಆದ್ರೂ ತಮಟೆ ನಿಲ್ತಾ ಇಲ್ಲ. ಜನ ಕೊಡಪಾನ ಹಿಡ್ಕೊಂಡು ಬಂದು ಮನೆಯನ್ನೇ ಕೊಚ್ಚಿ ಹಾಕ್ತಿದ್ದಾರೆ. ಇದಕ್ಕೆ ಕಿಶಿಮೊಟೊ ತಂಡ ಮತ್ತು ಚುಗಾಯಿ ಅನ್ನೋ ಜಪಾನಿ ಕಂಪನಿ ಸೇರಿ ಟೊಸಿಲಿಝುಮ್ಯಾಬ್ ಅನ್ನೋ ಔಷಧ ತಯಾರಿಸಿದರು. ಅದು ತಮಟೆ ಕಿತ್ಕೊಳ್ಳಲ್ಲ, ಕೇಳೋರ ಕಿವಿ ಮುಚ್ಚುತ್ತೆ. ಐಎಲ್-6 ಹೋಗಿ ಕೂರುವ ಗ್ರಾಹಕದ ಮೇಲೆ ತಾನೇ ಹೋಗಿ ಕೂತುಬಿಡುತ್ತೆ. 2005ರಲ್ಲಿ ಜಪಾನ್‌ನಲ್ಲಿ ಕ್ಯಾಸಲ್‌ಮನ್ ಅನ್ನೋ ಅಪರೂಪದ ಕಾಯಿಲೆಗೆ, 2008ರಲ್ಲಿ ಆರ್ಥ್ರೈಟಿಸ್‌ಗೆ ಅನುಮತಿ ಸಿಕ್ತು.

ಲಂಡನ್: ಮಂಗಕ್ಕೆ ಏನೂ ಆಗಲಿಲ್ಲ

"ಇಲಿ, ಮಂಗಗಳ ಮೇಲೆ ಪರೀಕ್ಷೆ ಮಾಡಿದ್ರೆ ಸಾಲದಾ? ಮನುಷ್ಯರ ಕಣಗಳನ್ನೇ ಯಾಕೆ ನೋಡ್ಬೇಕು?" ಅಂತ ನೀವು ಕೇಳಬಹುದು. ಅದಕ್ಕೆ ಉತ್ತರ 2006ರ ಮಾರ್ಚ್ 13.

ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆ. ಟಿಜಿಎನ್1412 ಅನ್ನೋ ಹೊಸ ಔಷಧ. ಟಿ ಕಣಗಳನ್ನ ಎಚ್ಚರಿಸುವ ಆ್ಯಂಟಿಬಾಡಿ ಅದು. ಎಂಟು ಜನ ಆರೋಗ್ಯವಂತ ಯುವಕರು ಹಣಕ್ಕೆ ಒಪ್ಪಿ ಪ್ರಯೋಗಕ್ಕೆ ಬಂದಿದ್ದರು. ನಮ್ಮ ನಿಮ್ಮ ವಯಸ್ಸಿನವರೇ. ಆರು ಜನರಿಗೆ ಔಷಧ, ಇಬ್ಬರಿಗೆ ಬರೀ ಉಪ್ಪುನೀರು. ಕೊಟ್ಟ ಡೋಸ್, ಮಂಗಗಳಿಗೆ ಸುರಕ್ಷಿತ ಅಂತ ಕಂಡುಬಂದಿದ್ದರ 500ನೇ ಒಂದು ಭಾಗ ಮಾತ್ರ. ಆದ್ರೂ ಎರಡು ಗಂಟೆಯೊಳಗೆ ಆರೂ ಜನರಿಗೆ ತಲೆನೋವು, ನಡುಕ, ವಾಂತಿ ಶುರುವಾಯ್ತು. ರಕ್ತದೊತ್ತಡ ಕುಸಿಯಿತು. ಒಂದೊಂದೇ ಅಂಗ ಕೈಕೊಡ್ತಾ ಬಂತು. ಆರೂ ಜನರನ್ನ ಐಸಿಯುಗೆ ಹಾಕಬೇಕಾಯ್ತು. ಪುಣ್ಯಕ್ಕೆ ಎಲ್ಲರೂ ಬದುಕಿದರು, ಆದ್ರೆ ಒಬ್ಬರ ಕಾಲ್ಬೆರಳುಗಳನ್ನ ಕತ್ತರಿಸಬೇಕಾಯ್ತು.

ಅವರ ರಕ್ತದಲ್ಲಿ ಸೈಟೊಕೈನ್‌ಗಳು ಒಮ್ಮೆಲೇ ಉಕ್ಕಿದ್ದವು. ಇದನ್ನೇ ಸೈಟೊಕೈನ್ ಸ್ಟಾರ್ಮ್ ಅನ್ನೋದು. ಒಂದು ತಮಟೆ ಅಲ್ಲ, ಊರಿಗೆ ಊರೇ ತಮಟೆ ಹಿಡಿದಿತ್ತು.

ಮೊದಲೇ ಯಾಕೆ ಗೊತ್ತಾಗಲಿಲ್ಲ? ಆಮೇಲೆ ಬ್ರಿಟನ್ನಿನ ವಿಜ್ಞಾನಿಗಳು ಕಾರಣ ಹುಡುಕಿದರು. ಔಷಧವನ್ನ ದ್ರವದ ರೂಪದಲ್ಲೇ ಮನುಷ್ಯರ ರಕ್ತಕಣಗಳಿಗೆ ಹಾಕಿದ್ರೆ ಅವು ಸುಮ್ಮನಿರುತ್ತವೆ. ಅದೇ ಔಷಧವನ್ನ ಆ ಪಡ್ಡಿನ ಹಂಚಿನ ತಳಕ್ಕೆ ಒಣಗಿಸಿ ಅಂಟಿಸಿ, ಮೇಲೆ ಕಣ ಹಾಕಿದ್ರೆ ಸೈಟೊಕೈನ್ ಸುರಿಮಳೆ! ಇನ್ನೊಂದು ವಿಷಯ: ಪ್ರಯೋಗಕ್ಕೆ ಬಳಸಿದ ಜಾತಿಯ ಮಂಗದಲ್ಲಿ, ಈ ಔಷಧ ಹೋಗಿ ಹಿಡಿಯುವ ಗುರುತು ಒಂದು ಬಗೆಯ ಟಿ ಕಣದ ಮೇಲೆ ಇರಲೇ ಇಲ್ಲ. ಮನುಷ್ಯರಲ್ಲಿ ಇದೆ. ಹಾಗಾಗಿ ಮಂಗಕ್ಕೆ ಏನೂ ಆಗಲಿಲ್ಲ. ಇಂಥ ಔಷಧಗಳನ್ನ ಮನುಷ್ಯರಿಗೆ ಕೊಡುವ ಮೊದಲು ಮನುಷ್ಯರ ಕಣಗಳು ಎಷ್ಟು ಸೈಟೊಕೈನ್ ಬಿಡ್ತವೆ ಅಂತ ನೋಡೋದಕ್ಕೆ ಆಮೇಲೆ ಇನ್ನಿಲ್ಲದ ಮಹತ್ವ ಬಂತು.

ಫಿಲಡೆಲ್ಫಿಯಾ: ಒಂದು ರಿಪೋರ್ಟ್, ಒಂದು ಇಂಜೆಕ್ಷನ್

2012ರ ಏಪ್ರಿಲ್. ಅಮೆರಿಕದ ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆ. ಎಮಿಲಿ ವೈಟ್‌ಹೆಡ್ ಅನ್ನೋ ಆರು ವರ್ಷದ ಹುಡುಗಿಗೆ ರಕ್ತದ ಕ್ಯಾನ್ಸರ್. ಕೀಮೋ ಕೊಟ್ಟರೂ ಮತ್ತೆ ಮತ್ತೆ ಮರುಕಳಿಸಿತ್ತು. ಅವಳದೇ ಟಿ ಕಣಗಳನ್ನ ಹೊರಗೆ ತೆಗೆದು, ಕ್ಯಾನ್ಸರ್ ಕಣ ಗುರುತಿಸುವ ಹಾಗೆ ಬದಲಾಯಿಸಿ, ವಾಪಸ್ ಹಾಕುವ ಕಾರ್-ಟಿ ಚಿಕಿತ್ಸೆಯನ್ನ ಕೊಟ್ಟರು. ಈ ಚಿಕಿತ್ಸೆ ಪಡೆದ ಮೊದಲ ಮಗು ಅವಳು.

ಕೆಲವೇ ದಿನದಲ್ಲಿ ಜ್ವರ ಏರಿತು, ವೆಂಟಿಲೇಟರ್ ಹಾಕಿದರು. ಮಗು ಉಳಿಯೋದು ಕಷ್ಟ ಅನ್ನೋ ಹಂತಕ್ಕೆ ಬಂತು. ಆಗ ಡಾಕ್ಟರುಗಳು ಅವಳ ರಕ್ತದ ಸೈಟೊಕೈನ್‌ಗಳನ್ನ ಅಳೆಸಿದರು. ಐಎಲ್-6 ಸುಮಾರು ಸಾವಿರ ಪಟ್ಟು ಜಾಸ್ತಿ!

ಈ ಚಿಕಿತ್ಸೆಯ ಹಿಂದಿದ್ದ ವಿಜ್ಞಾನಿ ಕಾರ್ಲ್ ಜೂನ್. ಅವರ ಮಗಳಿಗೆ ಮಕ್ಕಳಲ್ಲಿ ಬರುವ ಆರ್ಥ್ರೈಟಿಸ್ ಇತ್ತು. ಹಾಗಾಗಿ ಟೊಸಿಲಿಝುಮ್ಯಾಬ್ ಅನ್ನೋ ಔಷಧದ ಬಗ್ಗೆ ಅವರಿಗೆ ಗೊತ್ತಿತ್ತು. ಕೀಲುನೋವಿನ ಔಷಧವನ್ನ ಡಾ. ಸ್ಟೀಫನ್ ಗ್ರುಪ್ ತಂಡ ಎಮಿಲಿಗೆ ಕೊಟ್ಟಿತು. ಕೆಲವೇ ಗಂಟೆಗಳಲ್ಲಿ ಅವಳು ಸುಧಾರಿಸತೊಡಗಿದಳು. ತನ್ನ ಏಳನೇ ಹುಟ್ಟುಹಬ್ಬದ ದಿನ ಕಣ್ಣು ಬಿಟ್ಟಳು. ಕ್ಯಾನ್ಸರ್ ಮರಳಿ ಬರಲಿಲ್ಲ. 2017ರಲ್ಲಿ ಅಮೆರಿಕ ಮೊದಲ ಕಾರ್-ಟಿ ಚಿಕಿತ್ಸೆಗೆ ಅನುಮತಿ ಕೊಟ್ಟ ದಿನವೇ, ಅದರಿಂದ ಬರುವ ಈ ತೊಂದರೆಗೆ ಟೊಸಿಲಿಝುಮ್ಯಾಬ್ ಬಳಸೋಕೂ ಅನುಮತಿ ಕೊಟ್ಟಿತು.

ಯೋಚನೆ ಮಾಡಿ. 1973ರಲ್ಲಿ ಕಣ ಬೆಳೆಸಿದ ನೀರಿನಲ್ಲಿ ಏನೋ ಇದೆ ಅಂದವರು ಕ್ಯಾನ್ಸರ್ ಮಗು ಉಳಿಸೋಕೆ ಹೊರಟಿರಲಿಲ್ಲ. ಆದ್ರೆ ಆ ಪ್ರೊಟೀನ್‌ಗೆ ಹೆಸರು, ಅಳತೆ, ಔಷಧ ಮೂರೂ ಇಲ್ಲದಿದ್ರೆ ಆ ರಾತ್ರಿ ಡಾಕ್ಟರ ಕೈಯಲ್ಲಿ ಏನೂ ಇರ್ತಿರಲಿಲ್ಲ.

ನಮ್ಮಲ್ಲಿ: ನೂರರಲ್ಲಿ ನಾಲ್ಕು

ಈಗ ನಮ್ಮ ಕಡೆ ಬರೋಣ. 2021ರ ಏಪ್ರಿಲ್–ಮೇ ನೆನಪಿದ್ಯಾ? ನನ್ನ ಫೋನಿನ ಗ್ರೂಪ್‌ಗಳಲ್ಲಿ ಬೆಡ್, ಆಕ್ಸಿಜನ್ ಜೊತೆ ಇನ್ನೊಂದು ಹೆಸರು ಓಡಾಡ್ತಿತ್ತು: "ಟೊಸಿ". ಅಪ್ಪನ ಗೆಳೆಯರೊಬ್ಬರಿಗೆ ಅದು ಬೇಕು ಅಂತ ನಾವು ನಾಲ್ಕು ಹುಡುಗರು ಎರಡು ದಿನ ಫೋನ್ ಮಾಡಿದ್ವಿ. ಒಂದು ಡೋಸ್‌ಗೆ ಸುಮಾರು 40 ಸಾವಿರ ರೂಪಾಯಿ ಬೆಲೆ, ಕಾಳಸಂತೆಯಲ್ಲಿ ಅದರ ಹಲವು ಪಟ್ಟು. "ಇದು ಸಿಕ್ರೆ ಅಂಕಲ್ ಬದುಕ್ತಾರಂತೆ" ಅಂತ ಅವರ ಮಗಳು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಔಷಧ ಸಿಗಲಿಲ್ಲ. ಅವರು ಉಳಿಯಲಿಲ್ಲ. ಆ ಮನೆಯವರು ಇವತ್ತಿಗೂ, ಆ ಇಂಜೆಕ್ಷನ್ ತರೋಕಾಗಲಿಲ್ಲವಲ್ಲ ಅಂತ ಕೊರಗ್ತಾರೆ.

ಅದಕ್ಕೇ ಈ ಅಂಕಿ ಹೇಳ್ತೀನಿ, ದಯವಿಟ್ಟು ಗಮನ ಕೊಡಿ. ಬ್ರಿಟನ್ನಿನಲ್ಲಿ ರಿಕವರಿ ಅನ್ನೋ ದೊಡ್ಡ ಪ್ರಯೋಗ ನಡೆಯಿತು. ಆಕ್ಸಿಜನ್ ಕಡಿಮೆ ಇದ್ದ, ಸಿಆರ್‌ಪಿ 75 ಅಥವಾ ಹೆಚ್ಚಿದ್ದ 4116 ಕೋವಿಡ್ ರೋಗಿಗಳು. ಅರ್ಧದಷ್ಟು ಜನರಿಗೆ ಟೊಸಿಲಿಝುಮ್ಯಾಬ್, ಉಳಿದವರಿಗೆ ಮಾಮೂಲಿ ಚಿಕಿತ್ಸೆ ಮಾತ್ರ. 28 ದಿನದೊಳಗೆ ಔಷಧ ಸಿಕ್ಕವರಲ್ಲಿ ಶೇ 31ರಷ್ಟು ಜನ ತೀರಿಕೊಂಡರು. ಸಿಗದವರಲ್ಲಿ ಶೇ 35. ಅಂದ್ರೆ ನೂರು ಜನರಿಗೆ ಕೊಟ್ಟರೆ ನಾಲ್ಕು ಜೀವ ಹೆಚ್ಚು ಉಳಿಯುತ್ತೆ. ನಾಲ್ಕು ಜೀವ ಸಣ್ಣದಲ್ಲ. ಆದ್ರೆ ಉಳಿದ 96 ಜನರ ಪಾಲಿಗೆ, ಇಂಜೆಕ್ಷನ್ ಸಿಕ್ಕಿದ್ರೂ ಸಿಗದಿದ್ರೂ ಫಲಿತಾಂಶ ಅದೇ ಇರ್ತಿತ್ತು. ಒಳ್ಳೆಯ ಔಷಧ ಬೇರೆ, ಸಂಜೀವಿನಿ ಬೇರೆ. ಅಂಥ ಕೊರಗು ಹೊತ್ಕೊಂಡಿರೋರು ನಿಮ್ಮ ಮನೆಯಲ್ಲಿದ್ರೆ ಈ ಲೆಕ್ಕವನ್ನ ಅವರಿಗೆ ಮೆಲ್ಲಗೆ ಹೇಳಿ.

ಬೆಂಗಳೂರಿನ ಬಯೋಕಾನ್ ಕೂಡ ಈ ಕಥೆಯಲ್ಲಿದೆ. ಸೋರಿಯಾಸಿಸ್ ಅನ್ನೋ ಚರ್ಮದ ಕಾಯಿಲೆಗೆ 2013ರಲ್ಲಿ ಮಾರುಕಟ್ಟೆಗೆ ಬಂದ ಅವರ ಇಟೊಲಿಝುಮ್ಯಾಬ್ ಟಿ ಕಣಗಳನ್ನ ತಣ್ಣಗಾಗಿಸುತ್ತೆ. 2020ರ ಜುಲೈನಲ್ಲಿ ಕೋವಿಡ್‌ನ ಸೈಟೊಕೈನ್ ತೊಂದರೆಗೆ ತುರ್ತು ಬಳಕೆಗೆ ಅದಕ್ಕೆ ಅನುಮತಿ ಸಿಕ್ತು. ಆದ್ರೆ ಅದಕ್ಕೆ ಆಧಾರವಾದ ಪ್ರಯೋಗದಲ್ಲಿ ಇದ್ದದ್ದು 30 ರೋಗಿಗಳು. ಇಷ್ಟು ಕಡಿಮೆ ಜನರ ಮೇಲಿನ ಫಲಿತಾಂಶ ಸಾಕಾ ಅಂತ ಅನೇಕ ತಜ್ಞರು ಆಗಲೇ ಕೇಳಿದರು. 30 ಎಲ್ಲಿ, 4116 ಎಲ್ಲಿ? ಶೇ 4ರ ವ್ಯತ್ಯಾಸ 30 ಜನರಲ್ಲಿ ಕಣ್ಣಿಗೆ ಕಾಣೋದೇ ಇಲ್ಲ.

ಇನ್ನು ಕಾರ್-ಟಿ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಲ್ಲಿ ಬೆಳೆದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿದೆ. ವಿದೇಶದಲ್ಲಿ ಕೋಟಿಗಳ ಲೆಕ್ಕದಲ್ಲಿರುವ ಚಿಕಿತ್ಸೆ ಇಲ್ಲಿ ಲಕ್ಷಗಳಿಗೆ ಇಳಿದಿದೆ. ಸಾಮಾನ್ಯರಿಗೆ ಇನ್ನೂ ದೂರವೇ. ಇಂಥ ಚಿಕಿತ್ಸೆ ಕೊಡುವ ಕಡೆ ಸೈಟೊಕೈನ್ ತೊಂದರೆ ಬಂದ್ರೆ ಎದುರಿಸೋ ಔಷಧವನ್ನ ಮೊದಲೇ ಪಕ್ಕದಲ್ಲಿ ಇಟ್ಕೊಂಡಿರ್ತಾರೆ.

ಹಾಗಾದ್ರೆ ನಾವು ಏನು ಮಾಡ್ಬೇಕು?

ಮೂರು ಮಾತು ಹೇಳಿ ಮುಗಿಸ್ತೀನಿ.

ಒಂದು, ರಿಪೋರ್ಟಿನ ಒಂದು ಸಂಖ್ಯೆ ನೋಡಿ ಗೂಗಲ್ ಮಾಡಿ ಗಾಬರಿ ಆಗ್ಬೇಡಿ. ಟೊಸಿಲಿಝುಮ್ಯಾಬ್ ಕೊಟ್ಟ ಮೇಲೆ ರೋಗಿ ಸುಧಾರಿಸ್ತಿದ್ರೂ ರಕ್ತದಲ್ಲಿ ಐಎಲ್-6 ಏರಬಹುದು. ಯಾಕೆ? ಕಿವಿ ಮುಚ್ಚಿದೆ, ಬಂದ ಸರಕು ಖರ್ಚಾಗದೆ ಹಾಗೇ ಉಳಿದಿದೆ. ಸಿಆರ್‌ಪಿ ಮಾತ್ರ ಇಳಿದಿರುತ್ತೆ. ಹಾಗಂತ ಸೋಂಕು ಇಲ್ಲ ಅಂತಲೂ ಅಲ್ಲ, ಯಾಕಂದ್ರೆ ಯಕೃತ್ತಿಗೆ ಸದ್ದೇ ಕೇಳಿಸ್ತಿಲ್ಲ. ಒಂದೇ ಸಾಲು ನೋಡಿ ಬ್ಯಾಲೆನ್ಸ್ ಶೀಟ್ ಓದೋಕಾಗುತ್ತಾ? ಓದಬಲ್ಲವರ ಹತ್ತಿರ ಓದಿಸಿ.

ಎರಡು, ನಿಮ್ಮ ಮನೆಯಲ್ಲಿ ಯಾರಾದ್ರೂ ಆರ್ಥ್ರೈಟಿಸ್‌ಗೆ ಇಂಥ ಇಂಜೆಕ್ಷನ್ ತಗೊಳ್ತಿದ್ರೆ ಸಣ್ಣ ಜ್ವರ, ಕೆಮ್ಮನ್ನೂ ಡಾಕ್ಟರಿಗೆ ಹೇಳಿ. ತಮಟೆ ಸದ್ದು ಕೇಳದ ಊರಿಗೆ ನಿಜವಾದ ಬೆಂಕಿ ಬಿದ್ರೂ ತಡವಾಗಿ ಗೊತ್ತಾಗುತ್ತೆ. ಈ ಔಷಧ ಶುರು ಮಾಡೋ ಮೊದಲು ಟಿಬಿ ಪರೀಕ್ಷೆ ಮಾಡಿಸೋದು ಅದಕ್ಕೇ.

ಮೂರು, "ಇಮ್ಯೂನಿಟಿ ಬೂಸ್ಟರ್" ಅಂತ ಯಾರಾದ್ರೂ ಡಬ್ಬಿ ಹಿಡ್ಕೊಂಡು ಬಂದ್ರೆ, ಯಾವ ಪ್ರೊಟೀನ್, ಎಷ್ಟು ಪಿಕೋಗ್ರಾಂ ಏರಿಸುತ್ತೆ, ಎಷ್ಟು ಜನರಲ್ಲಿ ನೋಡಿದ್ದೀರಾ ಅಂತ ಕೇಳಿ. ಅಜ್ಜಿಯ ಕಷಾಯ ಕುಡೀರಿ, ಗಂಟಲಿಗೆ ಹಿತ. ಲಸಿಕೆ ಹಾಕಿಸ್ಕೊಳ್ಳಿ, ನಿದ್ದೆ ಮಾಡಿ. ಇಮ್ಯೂನಿಟಿ ಅನ್ನೋದು ಬ್ಯಾಂಕ್ ಬ್ಯಾಲೆನ್ಸ್ ಅಲ್ಲ, ಏರಿದಷ್ಟೂ ಒಳ್ಳೇದು ಅನ್ನೋಕೆ. ಸಾರಿಗೆ ಹಾಕೋ ಉಪ್ಪು ಅದು. ಲಂಡನ್ನಿನ ಆ ಆರು ಯುವಕರಿಗೆ ಎರಡು ಗಂಟೆಯಲ್ಲಿ ಆಗಿದ್ದೂ "ಬೂಸ್ಟ್"ಏ.

ಇವತ್ತಿಗೆ ಇಷ್ಟು. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ನಿಮ್ಮ ಊರಿನ ಹೆಸರು ಹೇಳೋದು ಮರೀಬೇಡಿ. ಮನೆಯ ಗ್ರೂಪ್‌ನಲ್ಲಿ ಬೂಸ್ಟರ್ ಮೆಸೇಜ್ ಕಳಿಸೋ ಮಾವ ಇದ್ರೆ ಅವರಿಗೂ ಈ ಸಂಚಿಕೆ ಕಳಿಸಿ, ಪ್ರೀತಿಯಿಂದ. ಮುಂದಿನ ವಾರ ಸಿಗೋಣ, ನಮಸ್ಕಾರ.